ಸಮಚಿಹ್ನೆಯ ಕೆಳಗೆ ಸಮಚಿಹ್ನೆ

ಎಂಎಸ್ಸಿ ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿ. ಎಡಕ್ಕೆ ನಾಲ್ಕು ಸಮೀಕರಣ, ಬಲಕ್ಕೆ ನಾಲ್ಕು. ಲೇಟೆಕ್‌ನಲ್ಲಿ ಎರಡು ಕಾಲಂ ಮಾಡಿ ನಿಲ್ಲಿಸಬೇಕು. ಎಷ್ಟು ಸಲ ಓಡಿಸಿದರೂ ಬಲಗಡೆಯವು ಓರೆಕೋರೆ. 1977ರಲ್ಲಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಕರಡಚ್ಚು ಹಿಡಿಸದೆ ಟೆಕ್ ಕಟ್ಟಲು ಹೊರಟವರು. ಅವರ ಬೇಸರ ಅಂದು ನನಗೂ ಅರ್ಥವಾಯಿತು.

ತಪ್ಪು ನನ್ನದೇ. 'ಅಲೈನ್'ನಲ್ಲಿ ಸಾಲಿನ ಮೊದಲ ಆ್ಯಂಪರ್‌ಸ್ಯಾಂಡ್ ಸಮಚಿಹ್ನೆಯನ್ನು ಹಿಡಿದು ನಿಲ್ಲಿಸುತ್ತದೆ, ಎರಡನೆಯದು ಮುಂದಿನ ಕಾಲಂ ತೆರೆಯುತ್ತದೆ, ಮೂರನೆಯದು ಮತ್ತೆ ಸಮಚಿಹ್ನೆಗೆ. ನಾನು ನಡುವಿನದನ್ನೇ ಬಿಟ್ಟಿದ್ದೆ.

ಹಾಕಿದೆ. ಎಂಟೂ ಸಮಚಿಹ್ನೆಗಳು ಎರಡು ನೇರ ಗೆರೆಗಳಲ್ಲಿ ನಿಂತವು. ಆಗ ಕಂಡಿತು: ಎರಡೂ ಕಡೆ ಲೆಕ್ಕದ ಹೆಜ್ಜೆಗಳು ಒಂದೇ, ಅಕ್ಷರ ಮಾತ್ರ ಬೇರೆ, ಆದರೆ ಮೂರನೆಯ ಸಾಲಿನಲ್ಲಿ ಎಡಕ್ಕಿದ್ದ ಮೈನಸ್ ಬಲಕ್ಕಿಲ್ಲ. ಮುಂದಿನದೆಲ್ಲ ಆ ಸಾಲಿನ ಮೇಲೇ ನಿಂತಿತ್ತು.

ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಪ್ಪ, ಸಮಚಿಹ್ನೆಗಳನ್ನು ಒಂದರ ಕೆಳಗೊಂದು ಬರೆಯದಿದ್ದರೆ ಉತ್ತರ ಸರಿಯಿದ್ದರೂ ನನಗೆ ಅಂಕ ಕಳೆಯುತ್ತಿದ್ದರು. "ಅಂದಕ್ಕಲ್ಲ ಮಗಾ, ತಪ್ಪು ಕಣ್ಣಿಗೆ ಬೀಳಲಿ ಅಂತ." ಅದನ್ನು ಹಟವೆಂದುಕೊಂಡಿದ್ದೆ.

ಪ್ರಬಂಧ ಒಂದು ವಾರ ತಡವಾಯಿತು. ಕಾರಣ ಕೇಳಿದ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ನಕ್ಕು, "ಊಟ ಆಯ್ತಾ?" ಎಂದರು.