ಓಗೊಡದ ಸೇವಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರ ಬಾಯಲ್ಲಿ ಈಚೆಗೆ ನೆಲೆನಿಂತ ಪರಭಾಷಾಪದ ‘ಸರ್ವರ್’. ಪಹಣಿಗೆ ಹೋದರೂ, ಪಡಿತರಕ್ಕೆ ಹೋದರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರವನ್ನು ಕೇಳದ ಮನೆ ನಮ್ಮಲ್ಲಿ ವಿರಳ.

2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಯನ್ನು ನಿಗದಿ ಮಾಡಿತ್ತು. ಅದನ್ನು ಪಡೆಯಲು ಮೊದಲು ನೋಂದಣಿಯಾಗಬೇಕು. ನಮ್ಮ ನೆರೆಯ ವೃದ್ಧ ರೈತರೊಬ್ಬರು ಅಂತಹ ಒಂದು ಕೆಲಸಕ್ಕಾಗಿ ಮೂರು ದಿನ ಸರದಿಯಲ್ಲಿ ನಿಂತರು. ಒಮ್ಮೆ ನಾವೂ ಜೊತೆಗಿದ್ದೆವು. ವಿದ್ಯುತ್ತಿತ್ತು, ಪರದೆ ಬೆಳಗುತ್ತಿತ್ತು, ಆದರೆ ಬೆರಳೊತ್ತಿದ ಮೇಲೆ ಮುಂದಕ್ಕೆ ಏನೂ ಸಾಗದು. ವರ್ಷವೆಲ್ಲ ಅಟ್ಟದ ಮೇಲೆ ಕಾಯಿಯನ್ನು ಒಣಗಿಸಿ ಕಾದ ಆ ಹಿರಿಯರು, ಸಾಲದ ಕಂತಿಗೆ ಅಂಜಿ, ಕಡೆಗೆ ಸರಕನ್ನು ಕಡಿಮೆ ಬೆಲೆಗೆ ವರ್ತಕರಿಗೆ ತೂಗಿಸಿಬಿಟ್ಟರು.

ಇದಕ್ಕೆ ಕಾರಣವೇನೆಂದು ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನೇ ನೋಡಿಕೊಳ್ಳುವ ಬಂಧುಗಳ ಮೊಮ್ಮಗನನ್ನು ವಿಚಾರಿಸಿದೆವು. ಸರ್ವರಿನೊಳಗೆ ಕಣ್ಣಿಗೆ ಕಾಣದೆ ದುಡಿಯುವ ಹಲವು ಸೇವೆಗಳಿರುತ್ತವೆ. ಅವುಗಳಲ್ಲೊಂದು ಸತ್ತರೆ ಮೇಲ್ವಿಚಾರಕ ತಂತ್ರಾಂಶವು ಅರಿತು ಮತ್ತೆ ಎಬ್ಬಿಸುತ್ತದೆ. 2010ರಲ್ಲಿ ಬಂದ ‘ಸಿಸ್ಟಮ್‌ಡಿ’ ಲಿನಕ್ಸ್ ಯಂತ್ರಗಳಲ್ಲಿ ಮಾಡುವ ಕೆಲಸಗಳಲ್ಲಿ ಇದೂ ಒಂದು. ಕಷ್ಟವಿರುವುದು ಸಾಯದೆ ಸ್ತಬ್ಧವಾದ ಸೇವೆಯಲ್ಲಿ. ಎಂದೂ ಬಿಡದ ಬೀಗಕ್ಕೋ, ಬಾರದ ಉತ್ತರಕ್ಕೋ ಕಾಯುತ್ತ ಅದು ಕುಳಿತಿರುತ್ತದೆ. ಪಟ್ಟಿಯಲ್ಲಿ ಹೆಸರಿರುತ್ತದೆ, ಕೆಲಸವಿರುವುದಿಲ್ಲ.

ಮಠದ ಪಾಠಶಾಲೆಯಲ್ಲಿ ತರ್ಕ ಓದಿದ ನಮಗೆ ಇದು ಹಳೆಯ ಪಾಠವಾಗಿಯೇ ತೋರಿತು. ‘ಹೆಸರಿದೆ, ಆದ್ದರಿಂದ ಕೆಲಸ ನಡೆದಿದೆ’ ಎಂಬ ಅನುಮಾನದಲ್ಲಿ ಹೇತುವೇ ಸವ್ಯಭಿಚಾರ. ಕೆಲಸವಿಲ್ಲದೆಡೆಯಲ್ಲೂ ಹೆಸರು ಇರಬಲ್ಲದು. ತೋಟದವರಿಗೆ ಹೀಗೆ ಹೇಳಬಹುದು: ಮೋಟಾರು ತಿರುಗುತ್ತಿದೆಯೆಂದರೆ ನೀರು ಬರುತ್ತಿದೆಯೆಂದಲ್ಲ. ಪೈಪಿನ ಬಾಯಲ್ಲಿ ನಿಂತು ನೋಡಿದವನೇ ಬಲ್ಲ.

ಆದ್ದರಿಂದ ಬಲ್ಲವರು ಎರಡು ಉಪಾಯ ಮಾಡುತ್ತಾರೆ. ಒಂದು, ಸೇವೆಯೇ ನಿಗದಿತ ಕಾಲಕ್ಕೊಮ್ಮೆ ‘ಇದ್ದೇನೆ’ ಎಂದು ತಿಳಿಸಬೇಕು. ತಪ್ಪಿದರೆ ಕಾವಲು ವ್ಯವಸ್ಥೆಯು ಅದನ್ನು ನಿಲ್ಲಿಸಿ ಹೊಸದಾಗಿ ಆರಂಭಿಸುತ್ತದೆ. ಆ ಮಾತು ದುಡಿಯುವ ಭಾಗದಿಂದಲೇ ಬರಬೇಕು. ಪಕ್ಕದವನು ಹಾಜರಿ ಕೂಗಿದರೆ ಪ್ರಯೋಜನವಿಲ್ಲ. ಇನ್ನೊಂದು, ಹೊರಗಿನಿಂದ ಒಂದು ಸಣ್ಣ ನಿಜವಾದ ಕೆಲಸವನ್ನು ಕೊಟ್ಟು, ಇಷ್ಟು ಕ್ಷಣಗಳಲ್ಲಿ ಉತ್ತರ ಬಂದಿತೇ ಎಂದು ನೋಡುವುದು. ಒಮ್ಮೆ ತಡವಾದೊಡನೆ ದಂಡಿಸದೆ, ಸತತವಾಗಿ ಎರಡು ಮೂರು ಸಲ ತಪ್ಪಿದರೆ ಮಾತ್ರ ಮರು ಆರಂಭಿಸುವುದು ವಿವೇಕ.

ಮರು ಆರಂಭಕ್ಕೂ ಮಿತಿಯುಂಟು. ಪದೇ ಪದೇ ಬೀಳುವ ಸೇವೆಯನ್ನು ಎಬ್ಬಿಸುತ್ತಲೇ ಇದ್ದರೆ ರೋಗ ಮುಚ್ಚಿಹೋಗುತ್ತದೆ. 1997ರ ಜುಲೈನಲ್ಲಿ ಮಂಗಳ ಗ್ರಹಕ್ಕಿಳಿದ ‘ಪಾತ್‌ಫೈಂಡರ್’ ನೌಕೆಯ ಗಣಕವು ಮತ್ತೆ ಮತ್ತೆ ತಾನೇ ಮರು ಆರಂಭಗೊಳ್ಳುತ್ತಿತ್ತು. ಮುಖ್ಯ ಕಾರ್ಯವೊಂದು ಕಿರಿಯ ಕಾರ್ಯ ಹಿಡಿದಿದ್ದ ಬೀಗಕ್ಕಾಗಿ ಕಾಯುತ್ತಿತ್ತು. ನಡುವಿನ ಕಾರ್ಯವು ಆ ಕಿರಿಯದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಕಾವಲು ವ್ಯವಸ್ಥೆ ನೌಕೆಯನ್ನು ಉಳಿಸಿತು. ಆದರೆ ಗುಣವಾದದ್ದು, ವಿಜ್ಞಾನಿಗಳು ಭೂಮಿಯಲ್ಲಿದ್ದ ಪ್ರತಿರೂಪದಲ್ಲಿ ದೋಷವನ್ನು ಹುಡುಕಿ ಸರಿಪಡಿಸಿದ ಮೇಲೆಯೇ. ಆದಕಾರಣ ಎಬ್ಬಿಸುವ ಮುನ್ನ ದಾಖಲೆಯನ್ನು ಕಾದಿಟ್ಟುಕೊಳ್ಳಬೇಕು, ಮಿತಿ ಮೀರಿದರೆ ಮನುಷ್ಯನನ್ನು ಕರೆಯಬೇಕು.

ಯಂತ್ರ ಕೆಡುವುದು ಅಪರಾಧವಲ್ಲ. ಕೆಟ್ಟದ್ದನ್ನು ಸರದಿಯಲ್ಲಿ ನಿಂತ ರೈತನೇ ಮೊದಲು ಕಂಡುಹಿಡಿಯಬೇಕಾಗಿ ಬಂದರೆ ಅದು ವ್ಯವಸ್ಥೆಯ ಲೋಪ. ಬಂಧುಗಳು ಇನ್ನು ಮುಂದೆ ‘ಸರ್ವರ್ ಇಲ್ಲ’ ಎಂದು ಕೇಳಿದರೆ ಸುಮ್ಮನೆ ಹಿಂದಿರುಗಬಾರದು. ಬಂದ ದಿನಾಂಕವನ್ನು ಬರೆದುಕೊಡಿರೆಂದು ವಿನಯದಿಂದಲೇ ಕೇಳಬೇಕು. ಯಂತ್ರ ನಿಂತ ದಿನಗಳಷ್ಟು ಗಡುವೂ ಮುಂದಕ್ಕೆ ಹೋಗಬೇಕು. ಕಾಯಕದ ಬೆಲೆ ಬಲ್ಲ ನಾಡಿನಲ್ಲಿ ಇದು ದೊಡ್ಡ ಬೇಡಿಕೆಯೇನೂ ಅಲ್ಲ.