ಗಾಡಿಗಿಂತ ಕಡಾಣಿ ದುಬಾರಿ

ಕೃಷ್ಣರಾಜನಗರದ ಗದ್ದೆಬಯಲು, ಲಕ್ಷ್ಮಣತೀರ್ಥದ ದಡದ ಹುಣಸೂರು, ಹೊಗೆಸೊಪ್ಪಿನ ಪಿರಿಯಾಪಟ್ಟಣ, ಕಬಿನಿಯ ಕಾಡಂಚಿನ ಹೆಗ್ಗಡದೇವನಕೋಟೆ: ಈ ಸೀಮೆಗೆ ಬರುವ ಪ್ರವಾಸಿಗರು ಜಲಪಾತ, ಜಲಾಶಯಗಳನ್ನು ಕಂಡು ಮರಳುವುದು ವಾಡಿಕೆ. ನಾವಾದರೋ ಈ ಸಲ ತೊಟ್ಟಿಮನೆಗಳ ಅಟ್ಟಗಳತ್ತ ಕಣ್ಣು ಹಾಯಿಸಿದೆವು. ನಾವು ಅರಸಿದ್ದು, ಹಿಂದೊಮ್ಮೆ ನೆರೆಹೊರೆಯವರನ್ನೆಲ್ಲ ಜಗಲಿಯಲ್ಲಿ ಕಲೆಹಾಕುತ್ತಿದ್ದ ಗ್ರಾಮಫೋನನ್ನು.

ಪೆಟ್ಟಿಗೆಗಳು ದೊರೆತವು, ದನಿ ದೊರೆಯಲಿಲ್ಲ. ಒಂದರ ಸ್ಪ್ರಿಂಗ್ ತುಂಡಾಗಿತ್ತು, ಮತ್ತೊಂದರ ಸೌಂಡ್ ಬಾಕ್ಸ್ ಕಾಣೆಯಾಗಿತ್ತು. ಬಿಡಿಭಾಗಗಳ ಬೆಲೆ ವಿಚಾರಿಸಿದಾಗ ಬೆರಗಾದೆವು. ಅಂಗೈಯಲ್ಲಿ ಅಡಗುವ ಅಪರೂಪದ ಸೌಂಡ್ ಬಾಕ್ಸೊಂದರ ಬೆಲೆ, ಮೂಕವಾಗಿ ಕುಳಿತ ಇಡೀ ಯಂತ್ರದ ಬೆಲೆಯನ್ನೇ ಮೀರುವುದುಂಟು!

ಇದಕ್ಕೆ ಕಾರಣಗಳಿವೆ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದರು. ಅವರ ಕಂಪನಿ 1929ರಲ್ಲಿ ಅದರ ತಯಾರಿಕೆಯನ್ನೇ ಕೈಬಿಟ್ಟಿತು. ಅದರ ಉರುಳೆಗಳಲ್ಲಿಯೂ ಎರಡು ನಿಮಿಷದವು, ನಾಲ್ಕು ನಿಮಿಷದವು ಎಂಬ ಭೇದ. ಒಂದಕ್ಕೆ ಹೊಂದುವ ಸಾಧನ ಇನ್ನೊಂದಕ್ಕೆ ಹೊಂದದು. ಹಳೆಯ ಸೌಂಡ್ ಬಾಕ್ಸ್‌ಗಳಿಗೆ ಬಿರುಕಿಲ್ಲದ ಅಭ್ರಕದ ಪೊರೆಯೇ ಬೇಕು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಭಾಗಗಳು ಕಾಲಾಂತರದಲ್ಲಿ ಉಬ್ಬಿ ಸೀಳುತ್ತವೆ. ಹೀಗಾಗಿ ಮೂಲ ಭಾಗಗಳು ವರ್ಷೇ ವರ್ಷೇ ಕಡಿಮೆಯಾಗುತ್ತವೆ.

ಆದ್ದರಿಂದಲೇ ಒಂದು ಅಪಾಯವೂ ಹುಟ್ಟಿಕೊಂಡಿದೆ. ಇಡಿಯಾಗಿ ಮಾರುವುದಕ್ಕಿಂತ ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಲಾಭ ಹೆಚ್ಚೆಂದು ಕೆಲವರು ಸುಸ್ಥಿತಿಯ ಯಂತ್ರಗಳನ್ನೂ ಕಳಚುತ್ತಾರೆ. ಹೊಸ ಹಿತ್ತಾಳೆಯ ಕಹಳೆಯನ್ನು ಕೂಡಿಸಿ ಪ್ರಾಚೀನವೆಂದು ಮಾರುವ ನಕಲಿಗಳೂ ಪೇಟೆಯಲ್ಲಿ ಹೇರಳ. ಹೊಳಪಿಗೆ ಮರುಳಾಗಬಾರದು.

ಮೈಸೂರು ಸೀಮೆಗೂ ಧ್ವನಿಮುದ್ರಿಕೆಗೂ ನಂಟು ಗಾಢವಾದುದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶವಿಖ್ಯಾತರಾದ ಗೌಹರ್ ಜಾನ್, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ಜಯಚಾಮರಾಜ ಒಡೆಯರು ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ಎಚ್‌ಎಂವಿ ತಟ್ಟೆಗಳಿಗೆ ಇಳಿಸಲು ಹಣ ಒದಗಿಸಿದರು. ಆ ತಟ್ಟೆಗಳ ಮುಖ್ಯ ಸಾಮಗ್ರಿಯಾದ ಅರಗನ್ನು ಜಗತ್ತಿಗೆ ಬಹುಪಾಲು ಒದಗಿಸಿದ್ದು ನಮ್ಮ ದೇಶವೇ.

ಈ ನಾಲ್ಕು ತಾಲ್ಲೂಕುಗಳ ಅಟ್ಟಗಳಲ್ಲಿ ಇಂಥ ಪೆಟ್ಟಿಗೆ ಇನ್ನೂ ಉಳಿದಿದ್ದರೆ, ಮನೆಯವರು ಕೆಲವು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಹಿಡಿಕೆ, ಸೌಂಡ್ ಬಾಕ್ಸ್, ಸೂಜಿಡಬ್ಬಿಗಳನ್ನು ಯಂತ್ರದಿಂದ ಅಗಲಿಸಬಾರದು. ಉಕ್ಕಿನ ಸೂಜಿಯನ್ನು ತಟ್ಟೆಯ ಪ್ರತಿ ಮಗ್ಗುಲಿಗೂ ಬದಲಾಯಿಸಬೇಕು. ಸವೆದ ಸೂಜಿ ಹಾಡನ್ನೇ ಕೆರೆದು ಹಾಕುತ್ತದೆ. ನುಡಿಸಿಯಾದ ಬಳಿಕ ಸ್ಪ್ರಿಂಗಿನ ಬಿಗಿ ಸಡಿಲಿಸಿಡಬೇಕು. ಸ್ಪ್ರಿಂಗಿನ ಡಬ್ಬಿಯನ್ನು ಅನುಭವವಿಲ್ಲದವರು ಬಿಚ್ಚಲೇಬಾರದು. ಸುರುಳಿ ಚಿಮ್ಮಿ ಕೈ ಸೀಳಬಹುದು.

ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವ ಮುನ್ನ ಅಟ್ಟದ ಪೆಟ್ಟಿಗೆಯ ಮುಚ್ಚಳವನ್ನೊಮ್ಮೆ ತೆರೆದು ನೋಡಿರಿ. ಅಜ್ಜ ಅಕ್ಕರೆಯಿಂದ ಕೊಂಡ ತಟ್ಟೆಗಳು ಅದರ ತಳದಲ್ಲಿದ್ದರೆ, ಅವುಗಳ ಮೇಲಿನ ಹಾಡು ಬೇರೆಲ್ಲಿಯೂ ಉಳಿದಿರದೆಯೂ ಇರಬಹುದು. ಕಳೆದ ಕಡಾಣಿಯನ್ನು ಎಷ್ಟೇ ದುಬಾರಿಯಾದರೂ ಕೊಂಡು ತರಬಹುದು. ಅಳಿದ ದನಿಯನ್ನು ಯಾವ ಪೇಟೆಯಿಂದಲೂ ತರಲಾಗದು.