ಬಡಿ ಅಂದರೆ ಶಾಲೆ

1968ರ ದೀಪಾವಳಿ ಮುಗಿದ ಮೇಲೆ ನಮ್ಮ ಮನೆಗೆ ಒಂದೇ ತಿಂಗಳ ಎರಡು ‘ಚಂದಮಾಮ’ ಬಂದವು. ಒಂದನ್ನು ಅಪ್ಪ ರಾಯಚೂರು ಗಂಜಿಗೆ ಶೇಂಗಾ ಹಾಕಲು ಹೋದಾಗ ತಂದಿದ್ದ, ಕನ್ನಡದ್ದು. ಇನ್ನೊಂದನ್ನು ಸೋದರಮಾವ ನಾರಾಯಣಪೇಟೆಯಿಂದ ಬರುವಾಗ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದ, ತೆಲುಗಿನದು. ನನಗೆ ತೆಲುಗು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಂತ ಮಾವನಿಗೆ ಹೇಳಿದೆ. “ಚಿತ್ರ ಅವೇ ಅದಾವಲ್ಲಲೇ, ಓದು” ಅಂದು ಪಂಚೆ ಕೊಡವಿ ಉಣ್ಣಲು ಕೂತ.

ಪಡಸಾಲೆಯಲ್ಲಿ ಎರಡನ್ನೂ ಅಕ್ಕಪಕ್ಕ ಬಿಚ್ಚಿಟ್ಟೆ. ಪುಟಕ್ಕೆ ಪುಟ, ಚಿತ್ರಕ್ಕೆ ಚಿತ್ರ ಹೊಂದುತ್ತಿದ್ದವು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ರಾಜ ಇಲ್ಲೂ ಅಷ್ಟೇ ದೂರ ನಡೆದಿದ್ದ, ಅಲ್ಲೂ ಅಷ್ಟೇ. ಅಕ್ಷರಗಳೂ ಪೂರ್ತಿ ಬೇರೆಯವರಲ್ಲ, ದಾಯಾದಿಗಳು. ಕನ್ನಡದ ಅಕ್ಷರ ತಲೆಯ ಮೇಲೆ ಅಡ್ಡಗೀಟು ಇಟ್ಟುಕೊಂಡರೆ, ತೆಲುಗಿನದು ಲೆಕ್ಕದ ಮೇಷ್ಟ್ರು ‘ಸರಿ’ ಹಾಕಿದಂಥ ಗುರುತು ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ದೀರ್ಘ ಪಕ್ಕಕ್ಕೆ ಬಂದು ಕೂರುತ್ತದೆ. ಅವರಲ್ಲಿ ನೆತ್ತಿಯ ಮೇಲೇ ಸುತ್ತಿಕೊಳ್ಳುತ್ತದೆ. ‘ಕ’, ‘ತ’, ‘ಶ’ ಮೂರು ಮಾತ್ರ ಬಹಳ ಸತಾಯಿಸಿದವು. ಸಂಕ್ರಾಂತಿ ಹೊತ್ತಿಗೆ ನಾನು ತೆಲುಗು ಓದುತ್ತಿದ್ದೆ. ಯಾರೂ ಕಲಿಸಲಿಲ್ಲ, ಯಾರೂ ಮೆಚ್ಚಲೂ ಇಲ್ಲ. ನಮ್ಮ ಕಡೆ ಎರಡು ಭಾಷೆ ಬರುವುದು ಎರಡು ಕಿವಿ ಇದ್ದಹಾಗೆ.

ಚಂದಮಾಮ ಮದರಾಸಿನಲ್ಲಿ 1947ರ ಜುಲೈನಲ್ಲಿ ಮೊದಲು ತೆಲುಗು, ತಮಿಳಿನಲ್ಲಿ ಹೊರಟಿದ್ದು, ಕನ್ನಡಕ್ಕೆ ಆಮೇಲೆ ಬಂದದ್ದು. ಅದನ್ನು ಕಟ್ಟಿದವರು ನಾಗಿರೆಡ್ಡಿ, ಚಕ್ರಪಾಣಿ. ವರ್ಷಗಟ್ಟಲೆ ಕಥೆಗಳನ್ನು ತಿದ್ದಿ ತೀಡಿದವರು ತೆಲುಗಿನ ಕೊಡವಟಿಗಂಟಿ ಕುಟುಂಬರಾವ್. ರಾಜನ ಹೆಗಲ ಮೇಲಿನ ಆ ಬೇತಾಳನಿಗೆ ರೂಪ ಕೊಟ್ಟವರು ಚಿತ್ರಕಾರ ಶಂಕರ್. ನಾನು ಕನ್ನಡದ ಕಥೆ ಅಂದುಕೊಂಡು ಓದಿದ್ದರಲ್ಲಿ ಬಹಳಷ್ಟು ತೆಲುಗಿನಲ್ಲಿ ಬರೆದು ಕನ್ನಡಕ್ಕೆ ತಂದದ್ದು ಎಂದು ಗೊತ್ತಾಗುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಬೇಜಾರಾಗಲಿಲ್ಲ. ನಮ್ಮೂರಿನ ಅರ್ಧ ನೆಂಟಸ್ತನ ಹಾಗೇ ಇರುವುದು.

ಈ ನೆಂಟಸ್ತನ ನಕಾಶೆಗಿಂತ ಹಳೆಯದು. ಗದ್ವಾಲ, ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯವೇ. ಅಂದು ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಅವೆರಡು ಆಂಧ್ರಕ್ಕೆ ಬಂದವು. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಕೂತವರು ಪಂಜೆ ಮಂಗೇಶರಾಯರು, ಮಕ್ಕಳಿಗಾಗಿ ಬರೆದು ದೊಡ್ಡವರಾದವರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆ ನಾನು ಕೇಳಿದ್ದು ಮಕ್ತಲ್ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ. ಸಮುದ್ರ ನೋಡದ ನಮಗೆ ಸಿಗಡಿ ಅಂದರೇನು ಎಂದು ಗೊತ್ತಿರಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. “ಒಣಮೆಣಸಿನಕಾಯಿ ಅಂತ ತಿಳಕೋರಿ” ಅಂದರು. ಕಥೆ ನಡೆಯಿತು.

ಹಳೆಯದನ್ನು ನೆನೆಯುವವರು ‘ಆಗ ಎಲ್ಲರೂ ಓದುತ್ತಿದ್ದರು’ ಎನ್ನುತ್ತಾರೆ. ಓದುತ್ತಿರಲಿಲ್ಲ. ನಾರಾಯಣಪೇಟೆಯಲ್ಲಿ ಮಾವನ ಮನೆ ಇದ್ದ ಓಣಿಯಲ್ಲಿ ಮನೆಗೊಂದು ಮಗ್ಗ. ಸಣ್ಣ ಚೌಕಳಿಯ, ಗೋಪುರದ ಅಂಚಿನ ಸೀರೆ ದೊಡ್ಡವರು ನೇಯುತ್ತಿದ್ದರು, ಹುಡುಗಿಯರು ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ಮಾವನ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ಐದನೆಯ ಇಯತ್ತೆಗೆ ಅವಳ ಶಾಲೆ ಮುಗಿದಿತ್ತು. ನಾನು ಚಂದಮಾಮ ಹಿಡಿದು ಹೋದರೆ ತಾನು ಮುಟ್ಟುತ್ತಿರಲಿಲ್ಲ. ಕೈಗೆ ಬಣ್ಣ ಹತ್ತಿರುತ್ತಿತ್ತು. “ಓದೋ, ನಾ ಕೇಳ್ತೀನಿ” ಅನ್ನುತ್ತಿದ್ದಳು. ಬೇತಾಳ ಕೊನೆಯ ಪ್ರಶ್ನೆ ಕೇಳಿದ ಕೂಡಲೆ ಪುಸ್ತಕ ಮುಚ್ಚಿಸುತ್ತಿದ್ದಳು. ರಾಟೆ ನಿಲ್ಲಿಸದೆ ಉತ್ತರ ತಾನು ಹೇಳಿ, ಆಮೇಲೆ ರಾಜ ಏನಂದ ಅಂತ ಕೇಳುತ್ತಿದ್ದಳು. ಎಷ್ಟೋ ಸಲ ಅವಳದೇ ನ್ಯಾಯ ಸರಿ ಅನಿಸುತ್ತಿತ್ತು. ಒಂದೊಂದು ಕಥೆಗೆ ನಾಲ್ಕೈದು ಕಂಡಿಕೆ ತುಂಬುತ್ತಿದ್ದವು. ಆ ಓಣಿಯಲ್ಲಿ ಪುಸ್ತಕ ಅಂದರೆ ಅಷ್ಟೇ. ಮನೆಯಲ್ಲಿ ಬೇರೆ ಪುಸ್ತಕ ಅಂದರೆ ಪಂಚಾಂಗ ಮತ್ತು ಸಾಲದ ಖಾತೆ.

1982ರಲ್ಲಿ ನಾನು ಶಿಕ್ಷಕನಾದೆ, ಗಡಿಯ ಒಂದು ಕನ್ನಡ ಮಾಧ್ಯಮದ ಶಾಲೆಗೆ. 1987ರಲ್ಲಿ ಕೇಂದ್ರ ಸರಕಾರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಶುರು ಮಾಡಿದ ಮೇಲೆ ನಮಗೂ ಒಂದು ಪೆಟ್ಟಿಗೆ ಪುಸ್ತಕ ಬಂತು. ಬಿಚ್ಚಿ ನೋಡಿದರೆ ಮುಕ್ಕಾಲು ತೆಲುಗು. ಅವನ್ನು ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದವರು ಯಾರು? ನಾನೇ. ಪುಸ್ತಕ ಕಳೆದರೆ ಚಾರ್ಜ್ ಇದ್ದವನ ಪಗಾರದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ. ತಪಾಸಣೆಗೆ ಬಂದವರು ಎಣಿಸುತ್ತಿದ್ದರು. ‘ಎಷ್ಟು ಹುಡುಗರು ಓದಿದರು’ ಎಂದು ಒಬ್ಬರೂ ಕೇಳಲಿಲ್ಲ. ಏಳು ವರ್ಷ ರಜಿಸ್ಟರಿನಲ್ಲಿ ಪುಸ್ತಕ ಒಂದೂ ಕಡಿಮೆಯಾಗಲಿಲ್ಲ. ಗೆದ್ದಲು ಮಾತ್ರ ಬೀಗಕ್ಕೆ ಹೆದರಲಿಲ್ಲ.

ಬೀಗ ತೆಗೆಸಿದ್ದು ಒಂದು ಪುಸ್ತಕದ ಹೆಸರು. ಹೈದರಾಬಾದಿಗೆ ಹೋದಾಗ ಅಂಗಡಿಯಲ್ಲಿ ‘ರೈಲುಬಡಿ’ ಎಂಬ ತೆಲುಗು ಪುಸ್ತಕ ಕಂಡಿತು. ತೆಲುಗಿನಲ್ಲಿ ಬಡಿ ಅಂದರೆ ಶಾಲೆ, ಕನ್ನಡದಲ್ಲಿ ಹೊಡಿ. ನಮ್ಮ ಕಾಲದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೂ ಇರಲಿಲ್ಲ. ನಗು ಬಂದು ಕೊಂಡೆ. ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ, ಕನ್ನಡದಲ್ಲಿ ‘ತೊತ್ತೋಚಾನ್’ ಎಂದು ಬಂದಿರುವ ಪುಸ್ತಕವೇ ಅದು. ಒಂದು ಶಾಲೆ ಬೇಡವೆಂದು ಕಳಿಸಿದ ಪುಟ್ಟ ಹುಡುಗಿ, ಹಳೆಯ ರೈಲುಡಬ್ಬಿಗಳಲ್ಲಿ ನಡೆಯುವ ಇನ್ನೊಂದು ಶಾಲೆಗೆ ಬರುತ್ತಾಳೆ. ಅಲ್ಲಿನ ಹೆಡ್‌ಮಾಸ್ತರು ಕೊಬಾಯಾಶಿ ಮೊದಲ ದಿನವೇ ನಾಲ್ಕು ತಾಸು ಅವಳ ಮಾತು ಕೇಳುತ್ತಾರೆ.

ಎರಡೂ ಭಾಷೆಯ ಪ್ರತಿ ತರಿಸಿ ಐದನೆಯ ಇಯತ್ತೆಗೆ ದಿನಾ ಮಧ್ಯಾಹ್ನ ಓದಿ ಹೇಳಿದೆ. ನಾಲ್ಕು ತಾಸಿನ ಪುಟ ಬಂದಾಗ ಹಿಂದಿನ ಸಾಲಿನ ಹುಡುಗ ಎದ್ದು ನಿಂತ. “ಸರ, ಅಷ್ಟ ಹೊತ್ತು ಯಾರ ಕೇಳ್ತಾರ್ರಿ? ಬರೇ ಸುಳ್ಳು.” ನಾನು ಏನೂ ಹೇಳಲಿಲ್ಲ. ಆ ಶಾಲೆಯಲ್ಲಿ ಮಕ್ಕಳ ಬುತ್ತಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ಇರಬೇಕು ಎಂಬ ನೇಮ. ನಮ್ಮ ಹುಡುಗರು ಅದಕ್ಕೆ ತಮ್ಮದೇ ನೇಮ ಮಾಡಿಕೊಂಡರು: ಹೊಲದ್ದೊಂದು, ಹೊಳೆಯದ್ದೊಂದು. ಹೊಲದ್ದು ಪುಂಡಿಪಲ್ಯ, ಹೊಳೆಯದ್ದು ಮೀನು. ಮೀನು ತಿನ್ನದ ಮನೆಯ ಹುಡುಗಿ ನೀರು ಕುಡಿದು ಲೆಕ್ಕಕ್ಕೆ ಹಾಕಿದಳು. ಕೊನೆಗೆ ಯುದ್ಧದ ಬಾಂಬಿಗೆ ಶಾಲೆ ಸುಟ್ಟುಹೋಗುವುದನ್ನು ಓದಿದ ದಿನ ಗಲಾಟೆ ಇರಲಿಲ್ಲ. ಮರುದಿನ ಆ ಹಿಂದಿನ ಸಾಲಿನವ ಬಂದು “ಇನ್ನೊಂದು ಅಂಥಾದ್ದು ಕೊಡ್ರಿ” ಅಂದ. ‘ಅಂಥಾದ್ದು’ ನನ್ನ ಹತ್ತಿರ ಇರಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ನಾಚಿಕೆಯಾದ ದಿನ ಅದು. ಅಲ್ಮಾರಿ ಇತ್ತು, ಕೀಲಿ ಇತ್ತು, ಕೇಳಿದ ಹುಡುಗನಿಗೆ ಯಾವುದು ಹೊಂದುತ್ತದೆ ಎಂದು ಹೇಳುವಷ್ಟು ನಾನೇ ಓದಿರಲಿಲ್ಲ.

ಈಗ ನಾನು ಗದ್ವಾಲದಲ್ಲಿ ಮಗನ ಮನೆಯಲ್ಲಿದ್ದೇನೆ. ತಾಲೂಕುಗಳು ಜಿಲ್ಲೆಗಳಾಗಿವೆ: ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ. ಗದ್ವಾಲದಿಂದ ರಾಯಚೂರಿಗೆ ರೈಲು ಬಂತು. 2023ರ ಅಕ್ಟೋಬರಿನಲ್ಲಿ ಜಕ್ಲೇರ್–ಕೃಷ್ಣಾ ಮಾರ್ಗ ಶುರುವಾಗಿ ಮಕ್ತಲ್ ಕಡೆಯಿಂದಲೂ ರೈಲಿನಲ್ಲೇ ಹೊಳೆ ದಾಟಿ ರಾಯಚೂರಿಗೆ ಹೋಗಬಹುದು. ಅಪ್ಪ ಒಂದು ದಿನ ಹಾಳು ಮಾಡಿಕೊಂಡು ತರುತ್ತಿದ್ದ ಪುಸ್ತಕವನ್ನು ಈಗ ಮಧ್ಯಾಹ್ನದ ಊಟಕ್ಕೆ ಮುಂಚೆ ತರಬಹುದು. ಯಾರೂ ತರುವುದಿಲ್ಲ. ಚಂದಮಾಮವೂ ನಿಂತಿತು. ಗಡಿಯ ಆಚೆ ರಾಯಚೂರು ಸೀಮೆಯ ಪಂಚಾಯತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂದು 2020ರಿಂದ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದಾರೆ. ಈಚೆ, ನಾನು ಹೋಗುವ ಗ್ರಂಥಾಲಯದಲ್ಲಿ ಕನ್ನಡದ ಕಪಾಟು ಎಲ್ಲಿ ಅಂತ ಕೇಳಿದರೆ ಮೇಲಿನ ಖಾನೆ ತೋರಿಸಿದರು. ಅಲ್ಲಿ ಏಳು ಪುಸ್ತಕ, ಅದರಲ್ಲಿ ಎರಡು ವ್ಯಾಕರಣ.

ಮೊಮ್ಮಗಳಿಗೆ ಒಂಬತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. 2018ರ ಕಾಯ್ದೆಯಿಂದ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಆದ್ದರಿಂದ ತೆಲುಗು ಓದುತ್ತಾಳೆ. ಕನ್ನಡ ಓದಲು ಬರುವುದಿಲ್ಲ. ಗೋಳಾಡುವ ಬದಲು ಮಾವನ ಉಪಾಯ ನೆನಪಿಸಿಕೊಂಡೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ 2015ರಿಂದ ಮಕ್ಕಳ ಕಥೆಗಳನ್ನು ಎಷ್ಟೋ ಭಾಷೆಗಳಲ್ಲಿ ಪುಕ್ಕಟೆ ಕೊಡುತ್ತಿದೆ. ಅದೇ ಚಿತ್ರ, ಅದೇ ಪುಟ, ಬೇರೆ ಲಿಪಿ. ಒಂದೇ ಕಥೆಯನ್ನು ತೆಲುಗು, ಕನ್ನಡ ಎರಡರಲ್ಲೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಅಕ್ಕಪಕ್ಕ ಇಟ್ಟೆ. ನಾನು ಹೋದ ದಾರಿಯಲ್ಲಿ ಅವಳು ಎದುರಿನಿಂದ ಬರುತ್ತಿದ್ದಾಳೆ. ಅವಳಿಗೂ ‘ಕ’, ‘ತ’, ‘ಶ’ ಸತಾಯಿಸಿದವು. ದಿನಕ್ಕೆ ಅರ್ಧ ಪುಟ ಓದುತ್ತಾಳೆ, ಆಮೇಲೆ ಯೂಟ್ಯೂಬ್ ನೋಡುತ್ತಾಳೆ. ಅರ್ಧ ಪುಟ ಸಾಕು.

ಮಾವನ ಮಗಳು ಕಳೆದ ವರ್ಷ ಮನೆಗೆ ಬಂದಿದ್ದಳು. ಮೊಮ್ಮಗಳು ತಡವರಿಸುತ್ತ ಓದಿದ್ದನ್ನು ಕಣ್ಣುಮುಚ್ಚಿ ಕೇಳಿದಳು. “ಕಥಿ ಚೊಲೊ ಅದ. ಆದರ ನ್ಯಾಯ ಕೇಳೋರು ಯಾರೂ ಇಲ್ಲಲ್ಲೋ ಇದರಾಗ” ಅಂದಳು. ಅವಳ ಮಾತಿನಲ್ಲಿ ಹುರುಳಿದೆ. ಈಗಿನ ಚಿತ್ರಪುಸ್ತಕಗಳು ನಮ್ಮ ಕಾಲದವಕ್ಕಿಂತ ಚೆಂದ, ಆಡುಭಾಷೆಗೆ ಹತ್ತಿರ, ಹುಡುಗಿಯರೂ ಬಡವರೂ ಅವುಗಳಲ್ಲಿ ಇದ್ದಾರೆ. ಚಂದಮಾಮದಲ್ಲಿ ನೇಕಾರರ ಹುಡುಗಿ ಬರಬೇಕಾದರೆ ರಾಜಕುಮಾರ ಮಾರುವೇಷದಲ್ಲಿ ಬರಬೇಕಿತ್ತು. ಆದರೆ ಆ ಬೇತಾಳ ಮಗುವನ್ನು ನ್ಯಾಯಾಧೀಶನನ್ನಾಗಿ ಕೂರಿಸುತ್ತಿದ್ದ. ಒಳ್ಳೆಯ ಪುಸ್ತಕ ಯಾವುದು ಅಂತ ಕೇಳಿದವರಿಗೆ ನಾನು ಈಗ ಹೇಳುವುದು ಅಷ್ಟೇ: ಮಗು ತನ್ನ ತೀರ್ಪು ತಾನೇ ಕೊಡಲು ಜಾಗ ಬಿಟ್ಟದ್ದು. ಕೊನೆಯಲ್ಲಿ ‘ನೀತಿ’ ಎಂದು ಬರೆದು ಕೆಳಗೆ ಗೀಟು ಎಳೆದ ಪುಸ್ತಕವನ್ನು ನಾನು ಯಾರಿಗೂ ಕೊಡುವುದಿಲ್ಲ.

ಕೊಡುವುದು ಯಾವುದನ್ನು? ಹತ್ತು-ಹನ್ನೊಂದರ ಮಕ್ಕಳಿಗೆ ‘ತೊತ್ತೋಚಾನ್’, ಅದರಲ್ಲೂ ಶಾಲೆ ಬೇಡ ಅನ್ನುವವರಿಗೆ ಮೊದಲು. ಗಾಂಧಿ ಅಂದರೆ ನೋಟಿನ ಮೇಲಿನ ಅಜ್ಜ ಅಂದುಕೊಂಡವರಿಗೆ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’. ಹನ್ನೆರಡು-ಹದಿಮೂರಕ್ಕೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಅದು ಮಲೆನಾಡಿನ ಕಥೆ ನಿಜ. ಆದರೆ ಶ್ರೀಶೈಲದ ಹಿನ್ನೀರು ಆಲಂಪುರದ ಸುತ್ತ ಎಷ್ಟು ಊರು ನುಂಗಿತು ಎಂದು ಇಲ್ಲಿನ ಮನೆಗಳಲ್ಲಿ ಇನ್ನೂ ಮಾತಾಡುತ್ತಾರೆ. ಮುಳುಗಡೆ ಎಂಬ ಮಾತಿಗೆ ನಮ್ಮ ಮಕ್ಕಳಿಗೆ ಅರ್ಥ ಹೇಳಬೇಕಿಲ್ಲ. ಹದಿನಾಲ್ಕು ದಾಟಿದವರಿಗೆ ತೇಜಸ್ವಿಯವರ ‘ಕರ್ವಾಲೊ’. ಓತಿಕ್ಯಾತ ಕಂಡರೆ ಕಲ್ಲು ಹೊಡೆಯುವ ಹುಡುಗರಿಗೆ, ಹಾರುವ ಓತಿಯೊಂದನ್ನು ಹುಡುಕಿಕೊಂಡು ದೊಡ್ಡ ವಿಜ್ಞಾನಿಯೂ ಹಳ್ಳಿಯ ಮಂದಣ್ಣನೂ ಕಾಡು ಅಲೆಯುವುದು ಮೊದಲು ತಮಾಷೆ ಅನಿಸುತ್ತದೆ. ಪುಸ್ತಕ ಮುಗಿಸಿದ ಒಬ್ಬ ಹುಡುಗ ಕಲ್ಲು ಬಿಟ್ಟ ಅಂತ ನಾನು ಹೇಳುವುದಿಲ್ಲ. ಹೊಡೆಯುವ ಮುಂಚೆ ಒಂದು ಗಳಿಗೆ ನೋಡಿದ, ಅಷ್ಟು ಹೇಳಬಲ್ಲೆ.

ಈ ಪಟ್ಟಿ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ನಾಲ್ಕರಲ್ಲಿ ಮೂರು ಸಲ ಪುಸ್ತಕ ಹಾಗೇ ವಾಪಸ್ಸು ಬರುತ್ತದೆ. ಆಗ ಮಗುವನ್ನು ಬೈಯಬಾರದು, ಪುಸ್ತಕ ಬದಲಿಸಬೇಕು. ಮಾವ ನನಗೆ ಚಂದಮಾಮ ಕೊಟ್ಟದ್ದು ಒಳ್ಳೆಯ ಸಾಹಿತ್ಯ ಅಂತಲ್ಲ. ಈ ಹುಡುಗ ಚಿತ್ರ ನೋಡುತ್ತ ಕೂರುತ್ತಾನೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೆ.

ಗಡಿ ದಾಟಿ ಈ ಕಡೆಯ ನೆಂಟರ ಮನೆಗೆ ಬರುವವರಿಗೆ ಒಂದು ಮಾತು. ಹೊರಡುವ ಮುಂಚೆ ಫೋನು ಮಾಡಿ, ಮನೆಯಲ್ಲಿ ಎಷ್ಟು ವಯಸ್ಸಿನ ಮಗು ಇದೆ, ಅದಕ್ಕೆ ಯಾವುದರ ಹುಚ್ಚು ಅಂತ ಕೇಳಿರಿ. ರಾಯಚೂರಿನಲ್ಲಿ ಇಳಿದು ಒಂದು ಕನ್ನಡ ಪುಸ್ತಕ ಕೊಳ್ಳಿರಿ. ರೈಲಿನಲ್ಲಿ ನೀವೇ ಒಮ್ಮೆ ಓದಿ, ಆಮೇಲೆ ಕೊಡಿರಿ.